ಬುಧವಾರ ಕಾಯಿಸಿದ ಸೌನಾ

ಬೆಳಿಗ್ಗೆ ಗಂಜಿಗೆ ನೀರಿಡುವ ಮೊದಲು ಸೈಮಿ ಫ್ರಿಜ್ಜಿನ ಮುಂದೆ ನಿಂತು ಇಪ್ಪತ್ತಾರು ಹೆಸರು ಓದುತ್ತಾಳೆ. ಯಾವ ಕೋಣೆಯಲ್ಲಿ ಯಾವ ಮಕ್ಕಳು ಮಲಗುತ್ತಾರೆ ಎಂಬ ಪಟ್ಟಿ ಅದು, ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದು. ಒಂದೊಂದು ಹೆಸರಿನ ಮೇಲೂ ಬೆರಳಿಟ್ಟು, ತುಟಿ ಮಾತ್ರ ಆಡಿಸುತ್ತ, ‘ಕರ್ತನೇ, ಇವಳನ್ನು ನೋಡಿಕೋ, ಇವನನ್ನು ನೋಡಿಕೋ’ ಎನ್ನುತ್ತಾಳೆ. ಅದು ಮುಗಿದ ಮೇಲೇ ಒಲೆ. ಮೊಣಕಾಲು ಊದಿಕೊಂಡ ದಿನವೂ, ಗಂಡನನ್ನು ಮಣ್ಣು ಮಾಡಿದ ವಾರವೂ ಇದನ್ನು ಅವಳು ತಪ್ಪಿಸಿದ್ದಿಲ್ಲ.

“ನೀನು ಆಮೆನ್ ಅನ್ನೋ ಹೊತ್ತಿಗೆ ಹಾಲು ಉಕ್ಕಿರುತ್ತೆ,” ಎಂದು ಹಿಲ್ಕಾ ದಿನವೂ ಅನ್ನುತ್ತಾಳೆ.

“ಉಕ್ಕಿದ್ರೆ ಒರೆಸು. ಬಟ್ಟೆ ಅಲ್ಲೇ ಇದೆ,” ಎಂದು ಸೈಮಿ ದಿನವೂ ಅನ್ನುತ್ತಾಳೆ.

ಹೌಕಿಲಂಪಿ ಸರೋವರದ ದಂಡೆಯ ಈ ಅಡುಗೆಮನೆಯಲ್ಲಿ ಇಬ್ಬರೂ ಕೂಡಿ ಅಡುಗೆ ಮಾಡಲು ಹಿಡಿದು ಹತ್ತೊಂಬತ್ತು ವರ್ಷವಾಗಿತ್ತು. ಸೈಮಿಗೆ ಅದಕ್ಕೂ ಹಿಂದಿನದು ಸೇರಿ ಇದು ಮೂವತ್ತೊಂದನೆಯ ಬೇಸಿಗೆ. ಸುತ್ತಲಿನ ಊರುಗಳಲ್ಲಿ ಹದಿನೈದು ತುಂಬಿದ ಮಕ್ಕಳೆಲ್ಲ ಚರ್ಚಿನ ದೃಢೀಕರಣಕ್ಕೆ, ಅಂದರೆ ಕೂಸಾಗಿದ್ದಾಗ ಆದ ದೀಕ್ಷಾಸ್ನಾನವನ್ನು ತಾವೇ ಒಪ್ಪಿಕೊಳ್ಳುವ ವಿಧಿಗೆ, ಪಾಠ ಕಲಿಯಲು ಇಲ್ಲಿನ ಶಿಬಿರಕ್ಕೆ ಬಂದು ಎಂಟು ದಿನ ಇರುತ್ತಾರೆ. ದೇವರನ್ನು ನಂಬುವವರೂ ಬರುತ್ತಾರೆ, ನಂಬದವರೂ ಬರುತ್ತಾರೆ. ಗೆಳೆಯರು ಬರುತ್ತಾರೆ ಎಂದು ಬರುವವರೇ ಹೆಚ್ಚು. ಒಂದೆರಡು ವರ್ಷ ಹಿಂದೆ ಪಾಠ ಮುಗಿಸಿದ ಹುಡುಗ ಹುಡುಗಿಯರು ಕೆಲವರು ಮತ್ತೆ ಬಂದು ಕಿರಿಯರನ್ನು ನೋಡಿಕೊಳ್ಳುತ್ತಾರೆ. ಅವರಿಗೆ ಶಿಬಿರದಲ್ಲಿ ‘ದೊಡ್ಡವರು’ ಎಂದೇ ಹೆಸರು, ವಯಸ್ಸು ಹದಿನೇಳೇ ಆಗಿದ್ದರೂ.

ಆ ವರ್ಷದ ದೊಡ್ಡವರಲ್ಲಿ ಹಿಲ್ಕಾಳ ಮೊಮ್ಮಗ ಓಟ್ಸೋ ಇದ್ದ. ಹಾಲಿನ ಕ್ರೇಟುಗಳನ್ನು ಹೇಳಿಸಿಕೊಳ್ಳದೆ ಎತ್ತಿಡುವ ಹುಡುಗ, ಗಿಟಾರ್ ನುಡಿಸುವವನು. ಸೈಮಿಯ ಮೊಣಕಾಲು ನೋವು ಎಂದು ನೆಲಮಾಳಿಗೆಯ ಮೆಟ್ಟಿಲನ್ನು ತಾನೇ ಇಳಿದು ಆಲೂಗಡ್ಡೆ ತರುತ್ತಿದ್ದ. ಸೈಮಿ ಅವನಿಗೆಂದು ಏಲಕ್ಕಿ ಬನ್ನಿನ ಸುಟ್ಟ ಅಂಚನ್ನು ತೆಗೆದಿಡುತ್ತಿದ್ದಳು, ಅವನಿಗೆ ಅದೇ ಇಷ್ಟ.

ಕಿರಿಯರಲ್ಲಿ ಪಿಹ್ಲಾ ಎಂಬ ಹುಡುಗಿ ಇದ್ದಳು. ಎಡಗೈಯವಳು. ಅಡುಗೆಮನೆಯ ಸರದಿ ಬಂದಾಗ ಆಲೂಗಡ್ಡೆಯ ಸಿಪ್ಪೆಯನ್ನು ಒಂದೇ ಎಳೆಯಾಗಿ ತೆಗೆದು, ಅದನ್ನು ಬೆಳಕಿಗೆ ಹಿಡಿದು ನೋಡಿ, ಬಕೆಟ್ಟಿಗೆ ಹಾಕುತ್ತಿದ್ದಳು. ಮಾತು ಕಡಿಮೆ. ಮಾತು ಕಡಿಮೆ ಇರುವುದನ್ನು ನಮ್ಮ ಕಡೆ ಯಾರೂ ಕೊರತೆ ಅನ್ನುವುದಿಲ್ಲ.

ಶಿಬಿರದ ನಾಲ್ಕನೆಯ ದಿನ, ಗುರುವಾರ, ಪಾದ್ರಿ ವಿಲ್ಯಾಮಿ ‘ದೇಹ, ಸ್ನೇಹ, ಒಪ್ಪಿಗೆ’ ಎಂಬ ಪಾಠ ಮಾಡಿದ. ಹದಿನೈದು ವರ್ಷದ ಹಿಂದೆ ಇದೇ ಶಿಬಿರದಲ್ಲಿ ಗಂಜಿ ಬೇಡವೆಂದು ಅತ್ತ ಹುಡುಗ ಅವನು. ಈಗಲೂ ಸೈಮಿಯನ್ನು ಮಕ್ಕಳ ಹಾಗೆಯೇ ‘ಸೈಮತ್ತೆ’ ಎನ್ನುತ್ತಾನೆ. ಪಾಠ ಮುಗಿಸಿ ಬಂದವನ ಅಂಗಿ ಬೆನ್ನಿಗೆ ಅಂಟಿತ್ತು.

“ಹೇಗಾಯ್ತಪ್ಪಾ?” ಎಂದಳು ಸೈಮಿ.

“ಗೋಡೆ ಮೇಲೆ ಚಿತ್ರ ತೋರಿಸ್ದೆ. ಗೋಡೆಗೆ ಚೆನ್ನಾಗಿ ಅರ್ಥ ಆಯ್ತು.”

ಊಟದ ನಂತರ ಪಾತ್ರೆ ತೊಳೆಯಲು ಬಂದ ಐದಾರು ಮಕ್ಕಳು ಅದನ್ನೇ ಹಿಡಿದು ಕಿಸಕಿಸ ನಗುತ್ತಿದ್ದರು. ಒಬ್ಬ ಹುಡುಗ ಪಾದ್ರಿಯ ದನಿ ಮಾಡಿ, ಸೌಟಿಗೆ ತಲೆಬಾಗಿ, “ಮಾನ್ಯ ಸೌಟಮ್ಮನವರೇ, ನಿಮ್ಮ ಒಪ್ಪಿಗೆ ಇದೆಯೇ?” ಎಂದ. ಸೈಮಿಯೂ ನಕ್ಕಳು. ನಕ್ಕು, ಕೈ ಒರೆಸಿಕೊಂಡು ಸ್ಟೂಲಿನ ಮೇಲೆ ಕೂತಳು. ಕಿಟಕಿಯಾಚೆ ಸೌನಾ ಕಾಣುತ್ತಿತ್ತು, ಕಾದ ಕಲ್ಲಿಗೆ ನೀರು ಸುರಿದು, ಹಲಗೆಗಳ ಮೇಲೆ ಕೂತು ಎಲ್ಲರೂ ಕೂಡಿ ಹಬೆ ತೆಗೆದುಕೊಳ್ಳುವ ಮರದ ಮನೆ.

“ಸೌನಾದಲ್ಲಿ ಕಲ್ಲಿನ ಮೇಲೆ ನೀರು ಹಾಕೋ ಮುಂಚೆ ಏನು ಮಾಡ್ತೀಯ?” ಎಂದು ಕೇಳಿದಳು.

“ಹಾಕ್ಲಾ ಅಂತ ಕೇಳ್ತೀನಿ,” ಎಂದ ಹುಡುಗ. ಅದೂ ಒಂದು ಪ್ರಶ್ನೆಯೇ ಎಂಬಂತೆ.

“ಯಾರನ್ನ?”

“ಒಳಗಿರೋರನ್ನೆಲ್ಲ.”

“ನಿಮ್ಮಮ್ಮ ಒಬ್ಳೇ ಇದ್ರೆ?”

“ಆಗ್ಲೂ ಕೇಳ್ಬೇಕು. ಇಲ್ದಿದ್ರೆ ಬಕೆಟ್ಟು ತಲೆ ಮೇಲೆ ಬೀಳುತ್ತೆ.”

“ನಮ್ಮಜ್ಜ ಕೇಳೋದೇ ಇಲ್ಲ ಅತ್ತೆ,” ಎಂದಳು ಇನ್ನೊಬ್ಬಳು. “ಸುರಿಯೋದೇ.”

“ಅದಕ್ಕೇ ನಿಮ್ಮಜ್ಜನ ಜೊತೆ ಯಾರೂ ಕೂರೋದಿಲ್ಲ. ಊರಿಗೆಲ್ಲ ಗೊತ್ತು.”

ಮಕ್ಕಳು ನಕ್ಕರು. ಸೈಮಿ ಬಿಡಲಿಲ್ಲ. “ಮೇಲಿನ ಹಲಗೆ ಮೇಲೆ ಕೂತೋನು ಹಾಕು ಅಂತಾನೆ, ಕೆಳಗೆ ಕೂತೋಳು ಬೇಡ ಅಂತಾಳೆ. ಯಾರ ಮಾತು?”

“ಬೇಡ ಅಂದೋರದ್ದು.”

“ಮೊದಲು ಹಾಕು ಅಂದು, ಆಮೇಲೆ ಸಾಕಪ್ಪಾ ಅಂತ ಎದ್ದು ಹೊರಟ್ರೆ? ‘ಹೂಂ ಅಂದಿದ್ಯಲ್ಲ, ಕೂತ್ಕೋ’ ಅಂತ ಬಾಗಿಲಿಗೆ ಅಡ್ಡ ನಿಲ್ತೀರಾ? ಸೌನಾದ ಬಾಗಿಲಿಗೆ ಚಿಲಕ ನೋಡಿದೀರಾ ಎಲ್ಲಾದ್ರೂ? ತಳ್ಳಿದ್ರೆ ಹೊರಗಡೆಗೇ ತೆರೆಯುತ್ತೆ. ಯಾವಾಗ ಬೇಕಾದ್ರೂ ಎದ್ದು ಹೋಗ್ಲಿ ಅಂತ.”

“ಅಲ್ಲ ಅತ್ತೆ, ಕೇಳಿದ್ರೆ ಏನೂ ಹೇಳ್ದೆ ಸುಮ್ನೆ ಕೂತ್ರೆ?” ಎಂದ ಸೌಟಿನ ಹುಡುಗ.

“ಮುಖ ನೋಡು. ಗೊತ್ತಾಗ್ಲಿಲ್ವಾ, ಇನ್ನೊಂದು ಸಲ ಕೇಳು.”

“ನಮ್ಮೂರಲ್ಲಿ ಎಲ್ರೂ ಸುಮ್ನೇ ಕೂರೋದು! ಹಂಗಾದ್ರೆ ಇಡೀ ದೇಶ ಚಳೀಲಿ ಸಾಯುತ್ತೆ.”

“ಸಾಯಲಿ ಬಿಡು. ಕೇಳ್ದೆ ಸುರಿಯೋದಕ್ಕಿಂತ ವಾಸಿ.”

ಬಾಗಿಲ ಬಳಿ ಕ್ರೇಟು ಹಿಡಿದು ನಿಂತಿದ್ದ ಓಟ್ಸೋ ಕೂಡ ನಗುತ್ತಿದ್ದ. “ಸೈಮತ್ತೇನೇ ಪಾದ್ರಿ ಮಾಡ್ಬೇಕು,” ಎಂದ. ಪಿಹ್ಲಾ ನಗಲಿಲ್ಲ, ತಟ್ಟೆ ಒರೆಸುತ್ತ ಮನಸ್ಸಿಟ್ಟು ಕೇಳುತ್ತಿದ್ದಳು. ಅಂದು ಸಂಜೆ ಸೈಮಿ ಸ್ವಲ್ಪ ಹಗುರಾಗಿ ಮಲಗಿದಳು. ಮೂವತ್ತೊಂದು ಬೇಸಿಗೆಯಲ್ಲಿ ಒಂದಾದರೂ ಕೆಲಸದ ಮಾತು ಆಡಿದೆ ಅನ್ನಿಸಿತ್ತು.

ಮರುದಿನ ಶುಕ್ರವಾರ ಮಧ್ಯಾಹ್ನ ಮೂರರ ಮೇಲೆ ಮಕ್ಕಳೆಲ್ಲ ಈಜಲು ಹೋಗಿದ್ದರು. ಹಿಲ್ಕಾ ಹಾಲು ತರಲು ವ್ಯಾನಿನಲ್ಲಿ ಊರಿಗೆ ಹೋಗಿದ್ದಳು. ಸೈಮಿ ಹಿತ್ತಲ ಮೆಟ್ಟಿಲ ಮೇಲೆ ಕೂತು ಸಾರಿನ ಮೀನಿನಿಂದ ಮುಳ್ಳು ಆರಿಸುತ್ತಿದ್ದಳು. ಸೌದೆಮನೆಯ ಮಗ್ಗುಲಿಂದ ಪಿಹ್ಲಾ ಬಂದಳು. ಒಂದು ಕಾಲಲ್ಲಿ ಮಾತ್ರ ಚಪ್ಪಲಿ. ನೀಲಿ ಅಂಗಿಯ ಭುಜದ ಹೊಲಿಗೆ ಬಿಟ್ಟಿತ್ತು. ಮೈಯಿಂದ ದೋಣಿಮನೆಯ ಟಾರಿನ ವಾಸನೆ.

ಅವಳು ಮೆಟ್ಟಿಲ ಕೊನೆಯಲ್ಲಿ ಕೂತು, ಮೀನಿನ ಬಟ್ಟಲನ್ನೇ ನೋಡುತ್ತ, ಮೂರು ಮಾತು ಹೇಳಿದಳು. ಓಟ್ಸೋ ಜೀವರಕ್ಷಕ ಜಾಕೆಟ್ಟು ತರಲು ಜೊತೆಗೆ ಕರೆದದ್ದು, ದೋಣಿಮನೆಯ ಬಾಗಿಲು ಹಾಕಿಕೊಂಡದ್ದು. ಮೂರನೆಯ ಮಾತು ಅವಳದು, ಹೇಳಬೇಕಾದವರಿಗೆ ಅವಳೇ ಹೇಳುತ್ತಾಳೆ.

ಸೈಮಿಯ ಕೈಯಲ್ಲಿದ್ದ ಮೀನು ಬಟ್ಟಲಿಗೆ ಬಿತ್ತು.

“ನಂಬ್ತೀನಿ ಮಗಳೇ,” ಎಂದಳು. “ನಿನ್ನ ತಪ್ಪಿಲ್ಲ.”

“ನಾನು ಕಿರುಚಲಿಲ್ಲ ಅತ್ತೆ. ಬೇಡ ಅಂದೆ, ಒಂದ್ಸಲ. ಆಮೇಲೆ ಬಾಯೇ ಬರ್ಲಿಲ್ಲ. ಮರ ಆಗ್ಹೋದೆ.”

“ಹದ್ದು ಮೇಲೆ ಬಂದಾಗ ಮೊಲ ಓಡಲ್ಲ, ಗೊತ್ತಾ? ಅಲ್ಲೇ ಕುಕ್ಕರಿಸುತ್ತೆ. ಮೊಲ ಒಪ್ಕೊಳ್ತು ಅಂತ ಯಾರಾದ್ರೂ ಹೇಳ್ತಾರಾ?”

ಪಿಹ್ಲಾಳ ಹಲ್ಲು ಕಟಕಟ ಎನ್ನುತ್ತಿತ್ತು. ಜುಲೈ ತಿಂಗಳು, ಒಳ್ಳೆಯ ಬಿಸಿಲು, ಆದರೂ ನಡುಗುತ್ತಿದ್ದಳು. ಸೈಮಿ ಎದ್ದಳು. ಹುಡುಗಿಯರ ಸರದಿಗೆಂದು ಸೌನಾ ಆಗಲೇ ಕಾದಿತ್ತು.

“ಬಾ,” ಎಂದಳು. ಭುಜ ಹಿಡಿದು ಎಬ್ಬಿಸಿ ನಡೆಸಿಕೊಂಡು ಹೋದಳು.

ಇಲ್ಲಿ ಒಂದು ಹಳೆಯ ಮಾತು ಹೇಳಬೇಕು. ಸೈಮಿ ಹುಟ್ಟಿದ್ದು ಸೌನಾದಲ್ಲಿ. ಅವಳಜ್ಜಿಯ ಹೆಣ ತೊಳೆದದ್ದೂ ಅದೇ ಸೌನಾದಲ್ಲಿ. ಜ್ವರಕ್ಕೂ ಸೌನಾ, ಸೊಂಟನೋವಿಗೂ ಸೌನಾ, ಜಗಳವಾಡಿದ ಗಂಡ ಹೆಂಡಿರಿಗೂ ಸೌನಾ. ಅವರ ಮನೆಯಲ್ಲಿ ಅದನ್ನು ಕಾಯಿಸುತ್ತಿದ್ದದ್ದು ಶನಿವಾರ ಮಾತ್ರ. ಸೈಮಿಗೆ ಹದಿನೇಳಾಗಿದ್ದಾಗ ಸರೋವರದಾಚೆಯ ಕುಣಿತದ ಅಂಗಳದಿಂದ ಮನೆಗೆ ಬಿಡುತ್ತೇನೆಂದು ಅಂಗಡಿಯ ಲಾರಿಯವನು ಹತ್ತಿಸಿಕೊಂಡ. ಅವಳು ಮನೆ ಮುಟ್ಟಿದ್ದು ಬೆಳಿಗ್ಗೆ, ನಡೆದುಕೊಂಡು. ಅಮ್ಮ ಅಂಗಳದಲ್ಲಿ ನಿಂತು ಅವಳ ಕಾಲುಚೀಲ ನೋಡಿದಳು, ಮುಖ ನೋಡಿದಳು. ಒಂದು ಮಾತು ಕೇಳಲಿಲ್ಲ. ಬುಧವಾರ ಅದು. ಅಮ್ಮ ಸೌನಾಕ್ಕೆ ಬೆಂಕಿ ಹಾಕಿದಳು. ಕೂಸಿಗೆ ತೊಳೆಯುವ ಹಾಗೆ ತಲೆ ತೊಳೆದಳು, ಬೆನ್ನು ತಿಕ್ಕಿದಳು, ಒಣ ಬಟ್ಟೆ ಕೊಟ್ಟಳು. “ಇನ್ನು ಸರಿಹೋಗುತ್ತೆ,” ಎಂದಳು. ಆಮೇಲೆ ಆ ಮಾತು ಆ ಮನೆಯಲ್ಲಿ ಏಳಲಿಲ್ಲ. ಲಾರಿಯವನು ಮುಂದಿನ ಒಂಬತ್ತು ವರ್ಷ ಅವರ ಮನೆಗೆ ಹಿಟ್ಟು ತಂದುಹಾಕಿದ. ಅಮ್ಮ ಅವನಿಗೆ ಕಾಫಿ ಕೊಟ್ಟಳು. ಬುಧವಾರ ಸೌನಾ ಕಾಯಿಸಿದ್ದೇ ಅಮ್ಮನ ಮಾತು, ಅದಕ್ಕಿಂತ ದೊಡ್ಡ ಪ್ರೀತಿ ಇಲ್ಲ ಎಂದು ಸೈಮಿ ಜೀವಮಾನವಿಡೀ ನಂಬಿಕೊಂಡಿದ್ದಳು.

ಹಾಗಾಗಿ ಕೈ ತನ್ನ ಪಾಡಿಗೆ ಕೆಲಸ ಮಾಡಿತು. ಪಿಹ್ಲಾಳನ್ನು ಬೆಚ್ಚಗಿನ ಹಲಗೆಯ ಮೇಲೆ ಕೂರಿಸಿ ತಲೆ ತೊಳೆಯಿತು. ಉಗುರಿನ ಸಂದಿಯ ಟಾರನ್ನು ತಿಕ್ಕಿ ತೆಗೆಯಿತು. ತನ್ನದೇ ಉಣ್ಣೆಯ ಕಾಲುಚೀಲ ತೊಡಿಸಿತು. ನೀಲಿ ಅಂಗಿಯನ್ನೂ ಉಳಿದ ಬಟ್ಟೆಯನ್ನೂ ಅಡುಗೆಮನೆಯ ಒರೆಸುವ ಬಟ್ಟೆಗಳ ಜೊತೆ ವಾಷಿಂಗ್ ಮೆಷಿನ್ನಿಗೆ ಹಾಕಿತು. ಹೊರಗೆ ಬರುವಾಗ ಈಜು ಮುಗಿಸಿ ಬರುತ್ತಿದ್ದ ಹುಡುಗಿಯರು ಎದುರಾದರು, ಒದ್ದೆ ಕೂದಲಿನ ಪಿಹ್ಲಾಳನ್ನು ನೋಡಿ, “ಓಹೋ, ನಮಗಿಂತ ಮುಂಚೇನೇ!” ಎಂದರು. ಪಿಹ್ಲಾ ಹೇಗೋ ಹಲ್ಲು ತೋರಿಸಿದಳು.

ಅವಳನ್ನು ತನ್ನ ಕೋಣೆಯಲ್ಲಿ ಕಂಬಳಿ ಹೊದಿಸಿ ಕೂರಿಸಿ, ಸೈಮಿ ಪಾದ್ರಿಯನ್ನು ಕರೆದಳು. ವಿಲ್ಯಾಮಿ ತಡಮಾಡಲಿಲ್ಲ. ಪೊಲೀಸರಿಗೆ ಹೇಳಿದ, ಪಿಹ್ಲಾಳ ತಾಯಿಗೆ ಹೇಳಿದ, ಓಟ್ಸೋನನ್ನು ಮಕ್ಕಳಿಂದ ದೂರ ಕಚೇರಿಯಲ್ಲಿ ಕೂರಿಸಿದ, ಆಸ್ಪತ್ರೆಗೆ ಫೋನ್ ಹಚ್ಚಿ ಸೈಮಿಯ ಕೈಗೆ ಕೊಟ್ಟ.

“ಸ್ನಾನ ಮಾಡಿದಾಳಾ?” ಎಂದಳು ಆಚೆಯ ನರ್ಸಮ್ಮ.

ಸೈಮಿಯ ಕಣ್ಣು ಮಸಾಲೆ ಡಬ್ಬಿಗಳ ಕಡೆ ಹೋಯಿತು. ಮೇ ತಿಂಗಳಲ್ಲಿ ಚರ್ಚಿನ ಸಭೆಯವರು ಬೇಸಿಗೆ ಕೆಲಸದವರಿಗೆಲ್ಲ ಒಂದು ತರಬೇತಿ ಕೊಡಿಸಿದ್ದರು. ಸೈಮಿ ಎರಡನೆಯ ಸಾಲಿನಲ್ಲಿ ಕೂತು ಪುಸ್ತಕದಲ್ಲಿ ಬರೆದುಕೊಂಡಿದ್ದಳು: ನಂಬಬೇಕು. ಕೆದಕಬಾರದು. ತೊಳೆಯಬಾರದು. ಬಟ್ಟೆ ಕಾಗದದ ಚೀಲದಲ್ಲಿಡಬೇಕು. ಆ ಪುಸ್ತಕ ಈಗಲೂ ಮಸಾಲೆ ಡಬ್ಬಿಗಳ ಹಿಂದೆ ಇತ್ತು.

“ಹಲೋ? ಬಟ್ಟೆ ಎಲ್ಲಿದೆ?”

ಬಟ್ಟೆ ಕಣ್ಣೆದುರೇ ಇತ್ತು. ಮೆಷಿನ್ನಿನ ಗಾಜಿನೊಳಗೆ ನೀಲಿ ಅಂಗಿ ನೊರೆಯಲ್ಲಿ ಮೇಲೆದ್ದು ಕೆಳಗೆ ಬೀಳುತ್ತಿತ್ತು. ಸೈಮಿ ಗುಂಡಿ ಒತ್ತಿದಳು. ಮೆಷಿನ್ನು ನಿಂತಿತು, ಆದರೆ ಬಾಗಿಲು ತೆರೆಯಲಿಲ್ಲ. ನಿಂತ ಮೇಲೂ ಎರಡು ನಿಮಿಷ ಅದು ತೆರೆಯುವುದಿಲ್ಲ. ಫೋನು ಕಿವಿಗಿಟ್ಟುಕೊಂಡು, ಇನ್ನೊಂದು ಕೈಯಿಂದ ಬಾಗಿಲು ಎಳೆಯುತ್ತ ಎರಡು ನಿಮಿಷ ನಿಂತಳು.

“ನಾನು ತೊಳೆದ್ಬಿಟ್ಟೆ,” ಎಂದಳು. “ಅವಳನ್ನೂ ಬಟ್ಟೆನೂ.”

“ಆಯ್ತು, ಆದದ್ದು ಆಯ್ತು,” ಎಂದಳು ನರ್ಸಮ್ಮ. ದನಿಯಲ್ಲಿ ಬೈಗುಳ ಇರಲಿಲ್ಲ. “ಒದ್ದೆ ಇದ್ರೂ ಪರ್ವಾಗಿಲ್ಲ, ಬಟ್ಟೆ ಚೀಲಕ್ಕೆ ಹಾಕಿ ತನ್ನಿ. ತೊಳೆದ ಮೇಲೂ ನೋಡೋದು ಬೇಕಾದಷ್ಟು ಇರುತ್ತೆ. ಔಷಧಿನೂ ಕೊಡ್ಬೇಕು. ಇವತ್ತೇ ಬರಬೇಕು, ಅಷ್ಟೇ. ಮತ್ತೆ ಒಂದು ಮಾತು: ಇನ್ಮುಂದೆ ಏನು ಮಾಡೋದಿದ್ರೂ ಅವಳನ್ನ ಕೇಳಿ ಮಾಡಿ. ಅವಳನ್ನ ಯಾರೂ ಕೇಳ್ದೆ ಆದದ್ದು ಇವತ್ತಿಗೆ ಸಾಕು.”

ಸೈಮಿಯ ಎದೆಗೆ ನಾಟಿದ್ದು ಈ ಕೊನೆಯ ಮಾತು. ಸೌನಾಗೆ ಬರ್ತೀಯಾ ಎಂದು ತಾನು ಕೇಳಿರಲಿಲ್ಲ. ತಲೆ ತೊಳೀಲಾ ಎಂದೂ ಕೇಳಿರಲಿಲ್ಲ. ಹಿಂದಿನ ದಿನ ತಾನೇ ಸ್ಟೂಲು ಹಾಕಿಕೊಂಡು ಕೂತು, ಮುಖ ನೋಡು, ಇನ್ನೊಂದು ಸಲ ಕೇಳು ಎಂದು ಮಕ್ಕಳಿಗೆ ಹೇಳಿದವಳು. ಹುಡುಗಿ ಹಲಗೆಯ ಮೇಲೆ ಮರದ ಹಾಗೆ ಕೂತಿದ್ದಳು, ತಾನು ನೀರು ಸುರಿದಿದ್ದಳು.

ಕೋಣೆಗೆ ಹೋಗಿ ಬಾಗಿಲಲ್ಲೇ ನಿಂತಳು. “ಪಿಹ್ಲಾ, ಆಸ್ಪತ್ರೆಗೆ ಹೋಗ್ಬೇಕಂತೆ. ನಿಮ್ಮಮ್ಮ ಅಲ್ಲಿಗೇ ಬರ್ತಾರೆ. ನಾನು ಜೊತೇಲಿ ಬರ್ಲಾ? ಬೇಡ ಅಂದ್ರೆ ಬೇರೆ ಯಾರನ್ನ ಹೇಳ್ತೀಯೋ ಅವರು.”

ಪಿಹ್ಲಾ ಕಂಬಳಿ ಮಡಿಸಿ ಬದಿಗಿಟ್ಟಳು. “ಬನ್ನಿ.”

“ಟ್ಯಾಕ್ಸೀಲಿ ಹಿಂದೆ ನಿನ್ನ ಪಕ್ಕ ಕೂರ್ಲಾ, ಮುಂದೆ ಕೂರ್ಲಾ?”

“ಮುಂದೆ.”

ಒಂದೂಕಾಲು ಗಂಟೆ ದಾರಿ. ಸೈಮಿ ಮುಂದೆ ಕೂತು, ಹಿಂದಿರುಗಿ ನೋಡದೆ, ಎರಡೂ ಬದಿಗೆ ಓಡುವ ಪೈನ್ ಮರಗಳನ್ನು ನೋಡುತ್ತ ಹೋದಳು. ಅರ್ಧ ದಾರಿಯಲ್ಲಿ ಹಿಂದಿನಿಂದ ಮಾತು ಬಂತು.

“ಅತ್ತೆ, ನಾನು ತೊಳ್ಕೊಂಡಿದ್ದು ತಪ್ಪಾ?”

“ನೀನು ತೊಳ್ಕೊಳ್ಳಲಿಲ್ಲ. ನಾನು ತೊಳೆದೆ. ಕೇಳ್ದೆ ತೊಳೆದೆ. ಅದು ನನ್ನ ತಪ್ಪು, ಪಿಹ್ಲಾ, ನಿನ್ನದಲ್ಲ.”

“ಬೆಚ್ಚಗಿತ್ತು,” ಎಂದಳು ಪಿಹ್ಲಾ. ಆಮೇಲೆ, “ಆದ್ರೂ ಆಗ ಯಾರೂ ನನ್ನ ಮುಟ್ಟದೇ ಇದ್ರೆ ಚೆನ್ನಾಗಿತ್ತು.”

“ಹೂಂ,” ಎಂದಳು ಸೈಮಿ. ಅವಳು ಅಳಲಿಲ್ಲ. ಹುಡುಗಿಗೆ ತನ್ನನ್ನು ಸಮಾಧಾನ ಮಾಡುವ ಕೆಲಸ ಬೇರೆ ಯಾಕೆ ಎಂದುಕೊಂಡಳು.

ಶನಿವಾರ ಬೆಳಿಗ್ಗೆ ಓಟ್ಸೋನನ್ನು ಅವನಪ್ಪ ಕರೆದುಕೊಂಡು ಹೋದ. ಹಿಲ್ಕಾ ರಜೆ ತೆಗೆದುಕೊಳ್ಳಲಿಲ್ಲ. ಬೆಳಿಗ್ಗೆಯೇ ಬಂದು ಏಲಕ್ಕಿ ಬನ್ನಿನ ಹಿಟ್ಟು ಕಲಸಲು ನಿಂತಳು. ಹಿಟ್ಟನ್ನು ಎತ್ತೆತ್ತಿ ಹಲಗೆಗೆ ಬಡಿಯುತ್ತಿದ್ದಳು.

“ಹಾಲು ಉಕ್ತು,” ಎಂದಳು ಸೈಮಿ, ಏನಾದರೂ ಹೇಳಬೇಕಲ್ಲ ಎಂದು.

“ಒರೆಸ್ಕೋ. ತೊಳೆಯೋದು ಒರೆಸೋದು ನಿನಗೆ ಚೆನ್ನಾಗಿ ಬರುತ್ತೆ.”

ಸೈಮಿ ಒರೆಸಿದಳು.

“ಅವಳೂ ಒಪ್ಪಿದ್ಲು ಅಂತಾನೆ ನನ್ನ ಮಗು,” ಎಂದಳು ಹಿಲ್ಕಾ. “ಆಮೇಲೆ ಆರಾಮಾಗಿ ಸೌನಾಗೆ ಹೋಗಿ ತಲೆ ತೊಳ್ಕೊಂಡು, ನಗ್ತಾ ಬಂದ್ಲಂತೆ. ಐದು ಜನ ಹುಡುಗೀರು ನೋಡಿದಾರೆ. ಹಂಗೆಲ್ಲ ಆದೋಳು ಸೌನಾಗೆ ಹೋಗ್ತಾಳಾ ಸೈಮಿ? ನೀನೇ ಹೇಳು. ಸ್ನಾನ ಗೀನ ಮುಗಿಸಿ, ಮನೇಲಿ ಬೈತಾರೆ ಅಂತ ಆಮೇಲೆ ಕಥೆ ಕಟ್ಟಿದಾಳೆ.”

“ಅವಳು ಮೊದಲು ನನ್ನ ಹತ್ರ ಬಂದು ಹೇಳಿದ್ಲು. ಆಮೇಲೆ ನಾನು ಕರ್ಕೊಂಡ್ಹೋದೆ.”

“ಅದನ್ನ ನೋಡಿದೋರು ಯಾರು?”

“ನಾನು.”

ಹಿಲ್ಕಾಳ ಕೈ ನಿಂತಿತು. “ಹತ್ತೊಂಬತ್ತು ವರ್ಷ,” ಎಂದಳು. “ನಿನ್ನ ಗಂಡ ಹೋದಾಗ ಮೂರು ವಾರ ನಿನ್ನ ಮನೇಲಿ ಮಲಗಿದ್ದೆ. ಓಟ್ಸೋ ನಿನ್ನ ತೊಡೆ ಮೇಲೆ ಬೆಳೆದ. ಒಂದು ಮಾತು ಕಡಿಮೆ ಆಡಿದ್ರೆ ನಿನ್ನ ದೇವ್ರೇನು ಬೇಜಾರು ಮಾಡ್ಕೊಳ್ತಾನಾ?”

ಸೈಮಿ ಒರೆಸುವ ಬಟ್ಟೆ ಕೆಳಗಿಟ್ಟು ಕೂತಳು. ಆ ಹುಡುಗನ ಮೇಲೆ ಸಿಟ್ಟು ಬರುತ್ತದೆಂದು ನಿನ್ನೆಯಿಂದ ಕಾದಿದ್ದಳು. ಬಂದದ್ದು ಬರೀ ದಣಿವು. ಅವನ ಮೇಲಿನ ಅಕ್ಕರೆ ಹೋಗಿರಲಿಲ್ಲ, ಅದೇ ಕಷ್ಟ. ಅವನು ಪಾಪಿ, ಅವಳು ಪಾಪ, ಏನೂ ಅರಿಯದವಳು ಎಂದು ಬೇರೆ ಬೇರೆ ಪಾತ್ರೆಗೆ ಹಾಕಿಡುವಂತಿದ್ದರೆ ಪ್ರಾರ್ಥನೆ ಸುಲಭವಾಗುತ್ತಿತ್ತು. ಫ್ರಿಜ್ಜಿನ ಪಟ್ಟಿಯಲ್ಲಿ ಎರಡು ಹೆಸರೂ ಇದ್ದವು.

“ಕಡಿಮೆ ಆಡೋಕಾಗಲ್ಲ ಹಿಲ್ಕಾ. ಅವನು ಮಾಡಿದ್ದನ್ನ ಅವನು ಮಾಡಿದ ಅಂತ ಯಾರೂ ಹೇಳ್ದಿದ್ರೆ, ಅವನು ಇನ್ನೊಬ್ಬಳ ಹತ್ರ ಹೋಗ್ತಾನೆ. ಅವನನ್ನೂ ನಾವೇ ಹಾಳು ಮಾಡಿದ ಹಾಗೆ.”

ಹಿಲ್ಕಾ ಏಪ್ರನ್ ಬಿಚ್ಚಿದಳು. ಮಡಿಸಿ ಕುರ್ಚಿಯ ಬೆನ್ನಿಗೆ ಹಾಕಿದಳು. “ಒಲೆ ಇನ್ನೂರಕ್ಕಿಟ್ಟಿದೀನಿ. ಹದಿನೈದು ನಿಮಿಷ,” ಎಂದು ಬನ್ನಿನ ಕಡೆ ಕೈ ತೋರಿಸಿ ಹೊರಟುಹೋದಳು. ಉಳಿದ ಎರಡೂವರೆ ದಿನ ಸೈಮಿಯೊಬ್ಬಳೇ ಅಡುಗೆ ಮಾಡಿದಳು. ಸರದಿ ಇಲ್ಲದ ಮಕ್ಕಳೂ ಬಂದು ಆಲೂಗಡ್ಡೆ ಸುಲಿದುಕೊಟ್ಟರು. ಯಾರೂ ನಗಲಿಲ್ಲ. ಸೌಟಿನ ಹುಡುಗ ಒಂದು ಸಲ ಮೆಲ್ಲಗೆ, “ಅತ್ತೆ, ನಮ್ಮಲ್ಲಿ ಯಾರಿಗಾದ್ರೂ ಹಂಗಾದ್ರೆ ಮೊದಲು ಏನು ಮಾಡ್ಬೇಕು?” ಎಂದು ಕೇಳಿದ.

ಸೈಮಿ ಚಾಕು ಕೆಳಗಿಟ್ಟಳು. “ಕೇಳಿಸ್ಕೋ. ನಂಬು. ಯಾಕೆ ಹೋದೆ, ಯಾಕೆ ಓಡಲಿಲ್ಲ ಅಂತ ಕೇಳ್ಬೇಡ. ಏನು ಬೇಕು ಅಂತ ಕೇಳು. ಗಟ್ಟಿ ಇರೋ ಹಿರಿಯರೊಬ್ಬರನ್ನ ಹುಡುಕು. ಒಬ್ರು ಕೇಳಿಸ್ಕೊಳ್ದಿದ್ರೆ ಇನ್ನೊಬ್ರು. ಆಮೇಲೆ ಆಸ್ಪತ್ರೆ.” ಚಾಕು ಮತ್ತೆ ಕೈಗೆತ್ತಿಕೊಂಡು, “ತೊಳೀಬೇಡ,” ಎಂದಳು. “ನಾನು ತೊಳೆದೆ. ಅದಕ್ಕೇ ಹೇಳ್ತಿದೀನಿ.”

ಮಕ್ಕಳು ಅವಳನ್ನೇ ನೋಡಿದರು. ಅತ್ತೆ ತಪ್ಪು ಮಾಡಿದ್ದಾಳೆಂದು ಅತ್ತೆಯ ಬಾಯಿಂದಲೇ ಕೇಳಿ ಅವರಿಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ.

ಸೋಮವಾರ ಮಧ್ಯಾಹ್ನಕ್ಕೆ ಶಿಬಿರ ಖಾಲಿಯಾಯಿತು. ಹಾಸಿಗೆಗಳನ್ನೆಲ್ಲ ಬೇಲಿಯ ಮೇಲೆ ಬಿಸಿಲಿಗೆ ಹಾಕಿದ್ದರು. ವಿಲ್ಯಾಮಿ ಲ್ಯಾಪ್‌ಟಾಪ್ ಹಿಡಿದು ಅಡುಗೆಮನೆಗೆ ಬಂದ. ಮೂರು ದಿನದ ಗಡ್ಡ. ಸೈಮಿ ಕೇಳದೆಯೇ ಕಾಫಿ ಬಗ್ಗಿಸಲು ಹೋಗಿ, ತಡೆದು, “ಕಾಫಿ ಬೇಕಾ?” ಎಂದಳು.

“ಬೇಕು ಅತ್ತೆ. ಬಕೆಟ್ಟಲ್ಲೇ ಕೊಡಿ.”

ಅರ್ಧ ಲೋಟ ಕುಡಿದ ಮೇಲೆ ಹೇಳಿದ. “ಪೊಲೀಸರು ನಾಳೆ ನಿಮ್ಮನ್ನ ಮಾತಾಡಿಸ್ತಾರೆ. ಅದಕ್ಕೆ ಮುಂಚೆ ಶಿಬಿರದ ಕಡೆಯಿಂದ ನಡೆದದ್ದು ಬರೆದು ಕೊಡ್ಬೇಕು. ಸಭೆಯ ಕಚೇರಿಗೂ ಅದೇ ಹೋಗುತ್ತೆ.” ಲೋಟ ತಿರುಗಿಸಿದ. “ಅತ್ತೆ, ನೀವು ಮೇ ತಿಂಗಳ ತರಬೇತಿಗೆ ಬಂದಿದ್ರಿ ಅಂತ ಅವರಲ್ಲಿ ಸಹಿ ಇದೆ. ಗೊತ್ತಿದ್ದೂ ಹಾಗೆ ಮಾಡಿದ್ರಿ ಅಂತ ಆಗುತ್ತೆ. ಪತ್ರಿಕೆಯವರು ಬೇರೆ ಫೋನ್ ಮಾಡ್ತಿದಾರೆ. ಮೂವತ್ತೊಂದು ವರ್ಷ ಆದ್ಮೇಲೆ ನಿಮ್ಮ ಹೆಸರು ಹೀಗೆ ಬೀದಿಗೆ ಬರೋದು ನನಗೆ ಬೇಡ.”

ಸೈಮಿ ಎದುರಿಗೆ ಕೂತು, ಲೋಟದ ಕೆಳಗಿನ ಕಾಫಿಯ ಕಲೆ ಒರೆಸಿದಳು.

“ನಾನು ಹೀಗೆ ಬರೀತೀನಿ: ‘ಆ ಮಧ್ಯಾಹ್ನ ಹುಡುಗಿ ಸೌನಾದಲ್ಲಿದ್ದಳು. ವಿಷಯ ಅಡುಗೆಯವರಿಗೆ ತಿಳಿಯಿತು. ಅವರು ಕೂಡಲೇ ತಿಳಿಸಿದರು.’ ಅಷ್ಟೇ. ಒಂದಕ್ಷರ ಸುಳ್ಳಿಲ್ಲ. ಯಾವುದು ಮೊದಲು, ಯಾವುದು ಆಮೇಲೆ ಅಂತ ನಾನು ಬರೆಯೋದಿಲ್ಲ. ಅವರು ಕೇಳಿದಾಗ ನೀವೂ ಅದನ್ನ ತೀರಾ ಬಿಡಿಸಿ ಹೇಳ್ಬೇಕು ಅಂತಿಲ್ಲ. ನಿಮಗೆ ನಾನು ಇಷ್ಟಾದ್ರೂ ಮಾಡ್ಬೇಕು ಅತ್ತೆ. ಗಂಜಿ ತಿನ್ನದೆ ಅಳ್ತಿದ್ದಾಗ ನನ್ನ ಪಕ್ಕ ಕೂತೋರು ನೀವೊಬ್ರೇ.”

ಅವನ ಕಣ್ಣು ಕೆಂಪಾಗಿತ್ತು. ಒಳ್ಳೆಯ ಹುಡುಗ. ಆ ಒಳ್ಳೆಯತನಕ್ಕೆ ತಲೆಯಾನಿಸಿ ಒಂದು ನಿದ್ದೆ ಮಾಡಬೇಕು ಅನ್ನಿಸುವಷ್ಟು ಸೈಮಿಗೆ ಆಯಾಸವಾಗಿತ್ತು. ಹೂಂ ಅಂದರೆ ಮುಗಿಯುತ್ತಿತ್ತು. ಹಿಲ್ಕಾಳ ಎದುರು ಅಂಗಡಿಯಲ್ಲಿ ತಲೆತಗ್ಗಿಸಬೇಕಾಗಿರಲಿಲ್ಲ. ಮುಂದಿನ ಬೇಸಿಗೆಗೂ ಕರೆಯುತ್ತಿದ್ದರು.

“ಮೊದಲು ಸೌನಾ ಅಂತ ಓದಿದೋರಿಗೆ ಏನನ್ಸುತ್ತೆ ವಿಲ್ಯಾಮಿ?”

ಅವನು ಲೋಟ ಬದಿಗೆ ಸರಿಸಿದ.

“ಹುಡುಗಿ ತಾನಾಗೇ ಹೋಗಿ ಸ್ನಾನ ಮಾಡಿ, ಕೂದಲು ಒಣಗಿಸ್ಕೊಂಡು, ಆಮೇಲೆ ಬಂದು ಹೇಳಿದ್ಲು ಅನ್ಸುತ್ತೆ. ಓಟ್ಸೋ ಹೇಳ್ತಿರೋದೂ ಅದೇ. ನನ್ನ ಹೆಸರು ಉಳಿಯುತ್ತೆ, ಅವಳ ಮಾತು ಹೋಗುತ್ತೆ. ಅವಳ ಹತ್ರ ಇನ್ನೇನಿದೆ? ಬಟ್ಟೆ ನಾನು ತೊಳೆದೆ. ಉಗುರು ನಾನು ತೊಳೆದೆ. ಒಂದು ಮಾತು ಉಳಿದಿದೆ, ಅದನ್ನೂ ತೊಳೀಲಾ?”

“ಅತ್ತೆ, ನಿಮ್ಮನ್ನ ಬಿಡಲ್ಲ ಅವರು.”

“ಬಿಡೋದು ಬೇಡ.” ಅವಳು ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡಳು. “ನೀನು ಕೊಟ್ಟಿದ್ದು ದೊಡ್ಡ ಮನಸ್ಸಿಂದಾನೇ ಕೊಟ್ಟೆ, ಗೊತ್ತು. ನನಗೆ ಬೇಡ ಮಗಾ. ಬರಿ, ನಾನು ಹೇಳ್ತೀನಿ. ಮೂರೂಕಾಲಿಗೆ ಹುಡುಗಿ ಹಿತ್ತಲ ಮೆಟ್ಟಿಲಿಗೆ ಬಂದಳು. ಒಂದೇ ಚಪ್ಪಲಿ ಇತ್ತು. ಅಂಗಿಯ ಎಡಭುಜ ಹರಿದಿತ್ತು. ನಡೆದದ್ದನ್ನು ನನಗೆ ಹೇಳಿದಳು. ಹೇಳಿದ ಮೇಲೆ, ಅವಳನ್ನು ಕೇಳದೆ, ನಾನು ಸೌನಾಗೆ ಕರೆದುಕೊಂಡು ಹೋಗಿ ತೊಳೆದೆ.”

ವಿಲ್ಯಾಮಿಯ ಬೆರಳು ಕೀಲಿಗಳ ಮೇಲೆ ನಿಂತೇ ಇತ್ತು.

“ಕೊನೇ ಸಾಲು ಬಿಡ್ಲಾ ಅತ್ತೆ? ಅದೊಂದನ್ನಾದ್ರೂ?”

“ಬೇಡ,” ಎಂದಳು ಸೈಮಿ. “ಅದನ್ನೂ ಬರಿ.”